ಹತ್ತದಿರಲು ಕಾರಣ

ಸರ್ಕಾರ ಬದಲಾಗಿ ಮೂರು ವಾರಕ್ಕೆ ಲಿಫ್ಟಿನ ಬೋರ್ಡೂ ಬದಲಾಯಿತು. ‘ಅಧಿಕಾರಿಗಳಿಗೆ ಮಾತ್ರ’ ಎಂಬ ತಗಡಿನ ಹಲಗೆಯನ್ನು ನಾಲ್ಕು ಸ್ಕ್ರೂ ಬಿಚ್ಚಿ ಇಳಿಸಿ, ಆ ಜಾಗದಲ್ಲಿ ‘ಎಲ್ಲರಿಗೂ’ ಎಂದು ಅಚ್ಚು ಹಾಕಿದ ಕಾಗದ ಅಂಟಿಸಿದರು. ಹಲಗೆ ಇದ್ದಷ್ಟು ಗೋಡೆ ಬೆಳ್ಳಗೆ ಉಳಿದಿತ್ತು, ಕಾಗದ ಅದಕ್ಕಿಂತ ಚಿಕ್ಕದು. ಇಳಿಸಿದ ಹಲಗೆಯನ್ನು ಯಾರೂ ಒಯ್ಯಲಿಲ್ಲವೆಂದು ಲಿಫ್ಟಣ್ಣ ಅದನ್ನು ತನ್ನ ಸ್ಟೂಲಿನ ಹಿಂದೆ ಒರಗಿಸಿಟ್ಟ. ಯಾಕಯ್ಯಾ ಎಂದು ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಸರ್ಕಾರದ ಸಾಮಾನು, ಬಿಸಾಡಬಾರದು, ಅಷ್ಟೆ.

ಇಪ್ಪತ್ತೆರಡು ವರ್ಷದಿಂದ ಅವನು ಆ ಕಚೇರಿಯ ಲಿಫ್ಟು ನಡೆಸುತ್ತಿದ್ದ. ಹಳೇ ಕಾಲದ ಲಿಫ್ಟು. ಗುಂಡಿ ಒತ್ತಿದರೆ ತಾನೇ ಹೋಗುವ ಜಾತಿಯದಲ್ಲ. ಜಾಲರಿ ಬಾಗಿಲನ್ನು ಕೈಯಿಂದ ಎಳೆದು ಮುಚ್ಚಬೇಕು, ಹಿತ್ತಾಳೆಯ ಹಿಡಿಯನ್ನು ತಿರುಗಿಸಬೇಕು, ಮಹಡಿ ಬರುವ ಮೊಳದಷ್ಟು ಮೊದಲೇ ಬಿಡಬೇಕು. ಬಿಟ್ಟರೆ ಲಿಫ್ಟಿನ ನೆಲ ಮಹಡಿಯ ನೆಲಕ್ಕೆ ಸರಿಯಾಗಿ ಕೂಡಬೇಕು. ಲಿಫ್ಟಣ್ಣ ಕೂಡಿಸಿದರೆ ಗೋಲಿ ಉರುಳಿಸಿದರೂ ತಡೆಯುತ್ತಿರಲಿಲ್ಲ. ಒಳಗೆ ಮರದ ಹಲಗೆಯ ಗೋಡೆ, ಒಂದು ಪುಟ್ಟ ಫ್ಯಾನು, ಹಿಂದುಗಡೆ ಒಂದು ಕನ್ನಡಿ. ಮೆಟ್ಟಿಲುಗಳು ಲಿಫ್ಟಿನ ಪಂಜರವನ್ನು ಸುತ್ತಿಕೊಂಡೇ ಮೇಲಕ್ಕೆ ಹೋಗುತ್ತಿದ್ದವು. ಮಹಡಿಗೆ ಇಪ್ಪತ್ನಾಲ್ಕರಂತೆ ನಾಲ್ಕು ಮಹಡಿಗೆ ತೊಂಬತ್ತಾರು. ಲಿಫ್ಟಿನಲ್ಲಿ ಹೋಗುವವರಿಗೆ ಮೆಟ್ಟಿಲು ಹತ್ತುವವರು ಕಾಣುತ್ತಿದ್ದರು, ಹತ್ತುವವರಿಗೆ ಇವರು ಕಾಣುತ್ತಿದ್ದರು. ಕಟ್ಟಿದವನು ಏನೆಂದುಕೊಂಡು ಕಟ್ಟಿದನೋ, ಅವನನ್ನೇ ಕೇಳಬೇಕು.

ಬದಲಾವಣೆ ಬಂದಾಗ ಎಲ್ಲದರಲ್ಲೂ ಬಂತು. ಇನ್ನು ಮೇಲೆ ಯಾರನ್ನೂ ‘ಲೋ’ ಎನ್ನಬಾರದು, ‘ರೀ’ ಎನ್ನಬೇಕು ಎಂದು ಸುತ್ತೋಲೆ ಹೊರಟಿತು. ಎರಡು ದಿನ ಯಾರೂ ಯಾರನ್ನೂ ಕರೆಯಲೇ ಇಲ್ಲ. ಸಾಹೇಬರ ಕೋಣೆಯ ಮುಂದಿನ ಕೆಂಪು ದೀಪ ತೆಗೆದರು. ಸಾಹೇಬರು ಮಾತ್ರ ಅವರೇ ಉಳಿದರು, ಫೈಲು ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲವಲ್ಲ. ಲಿಫ್ಟು ಎಲ್ಲರದಾಯಿತು.

ಆದರೆ ಎಲ್ಲರೂ ಹತ್ತಬೇಕಲ್ಲ! ಅರ್ಜಿ ಹಿಡಿದು ಬಂದ ಜನ ಲಿಫ್ಟಿನ ಮುಂದೆ ಬರುತ್ತಿದ್ದರು, ‘ಎಲ್ಲರಿಗೂ’ ಎಂಬುದನ್ನು ಓದುತ್ತಿದ್ದರು, ಒಳಗೆ ನಿಂತ ಲಿಫ್ಟಣ್ಣನ ಖಾಕಿ ಅಂಗಿ ನೋಡುತ್ತಿದ್ದರು, ಮೆಟ್ಟಿಲ ಕಡೆ ತಿರುಗುತ್ತಿದ್ದರು. ದಿನಕ್ಕೆ ಹತ್ತು ಸಲ ನಾಲ್ಕನೇ ಮಹಡಿಗೆ ಕೆಟಲ್ ಹೊರುವ ಚಹಾದವನನ್ನು ಲಿಫ್ಟಣ್ಣ ಒಮ್ಮೆ ತಾನಾಗಿಯೇ ಕರೆದ.

“ಬಾರಯ್ಯಾ, ಖಾಲಿ ಹೋಗ್ತಿದೆ.”

“ಬೇಡಣ್ಣಾ,” ಎಂದ ಅವನು. “ಲಿಫ್ಟಲ್ಲಿ ಬಂದ ಚಹಾ ಕುಡಿಯೋರು ‘ಇವನಿಗೆಷ್ಟು ಕೊಬ್ಬು’ ಅಂತಾರೆ. ನಡ್ಕೊಂಡ್ ಬಂದ್ರೆ ‘ಪಾಪ, ಆರಿದೆ’ ಅಂತ ಸುಮ್ನೆ ಕುಡೀತಾರೆ.”

ಲಿಫ್ಟಣ್ಣನಿಗೆ ಒಳಗೊಳಗೇ ಸಮಾಧಾನವಾಯಿತು. ಕೆಟಲ್ ಚೆಲ್ಲಿದ್ದರೆ ಒರೆಸುವವನು ಅವನೇ ತಾನೇ.

ಜನ ಯಾಕೆ ಹತ್ತುವುದಿಲ್ಲ ಎಂದು ತಿಳಿಯಲು ಮೇಲಿನಿಂದ ಒಬ್ಬಳು ಹುಡುಗಿಯನ್ನು ಕಳಿಸಿದರು. ಓದಿದವಳು, ಚುರುಕು, ಹೆಗಲಿಗೊಂದು ಬಟ್ಟೆಯ ಚೀಲ. ಹೊಸ ಕಾನೂನುಗಳಿಗೆ ಜನರ ಮನಸ್ಸು ಸಿದ್ಧವಿದೆಯೋ ಇಲ್ಲವೋ ಎಂದು ವರದಿ ಬರೆಯುವುದು ಅವಳ ಕೆಲಸ. ಕಚೇರಿಯವರು ಅವಳಿಗೆ ವರದಿ ಮೇಡಂ ಎಂದು ಹೆಸರಿಟ್ಟರು. ಅವಳು ಲಿಫ್ಟಣ್ಣನಿಗೆ ಒಂದು ದಪ್ಪ ರಿಜಿಸ್ಟರು ಕೊಟ್ಟು ಗೆರೆ ಎಳೆದು ತೋರಿಸಿದಳು. ವೇಳೆ. ಯಾರು. ಹತ್ತಿದರೋ ಇಲ್ಲವೋ. ಕೊನೆಯದು, ಹತ್ತದಿರಲು ಕಾರಣ.

“ಒಬ್ಬೊಬ್ಬರನ್ನೂ ಕೇಳಿ ಬರೀಬೇಕು, ಆಯ್ತಾ? ನೀವು ಬರೆದದ್ದನ್ನೇ ನಾನು ಸರ್ಕಾರಕ್ಕೆ ಹೇಳೋದು,” ಎಂದಳು. ಅವಳು ನಿಜವಾಗಿಯೂ ತಿಳಿಯಬೇಕೆಂದು ಬಂದವಳು. ಅಂಥವರು ಆ ಕಚೇರಿಗೆ ಬಂದದ್ದು ಕಡಿಮೆ.

ಮೊದಲ ದಿನ ಲಿಫ್ಟಣ್ಣ ಇಬ್ಬರನ್ನು ಕೇಳಿದ. ಒಬ್ಬ ಹೆದರಿ ಓಡಿದ. ಇನ್ನೊಬ್ಬ, “ತಪ್ಪಾಯ್ತು ಸ್ವಾಮಿ, ಈ ಕಡೆ ಬರಬಾರದಿತ್ತು,” ಎಂದು ಕೈ ಮುಗಿದ. ಮೂರನೆಯವರನ್ನು ಕೇಳಲು ಲಿಫ್ಟಣ್ಣನಿಗೆ ನಾಲಿಗೆ ಏಳಲಿಲ್ಲ. ಆದರೆ ಕಾಲಂ ಖಾಲಿ ಬಿಡುವ ಹಾಗಿಲ್ಲ. ‘ಅವರಿಗೇ ಇಷ್ಟವಿಲ್ಲ’ ಎಂದು ಬರೆದ. ಬರೆದಾದ ಮೇಲೆ ಓದಿ ನೋಡಿದ, ಸರಿಯಾಗಿಯೇ ಕಂಡಿತು. ಅದರ ಕೆಳಗೆ, ಮೇಲಿನದ್ದೇ ಎಂಬರ್ಥದಲ್ಲಿ, ‘ಸದರಿ’ ಎಂದು ಬರೆದ. ಅದರ ಕೆಳಗೂ ಸದರಿ. ಕಚೇರಿಯಲ್ಲಿ ಬಾಳಿದವನಿಗೆ ಆ ಪದ ಹಳೇ ಚಪ್ಪಲಿಯಷ್ಟು ಹಿತ. ವಾರದೊಳಗೆ ಸದರಿಗಳು ಪುಟದ ಮೇಲಿಂದ ಕೆಳಕ್ಕೆ ಸಾಲಾಗಿ ಇಳಿದವು, ವರದಿ ಮೇಡಂ ಪ್ರತಿ ಶನಿವಾರ ಬಂದು ಅವನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡು ಹೋಗುತ್ತಿದ್ದಳು. ಹೋಗುವಾಗ ಅವಳ ಮುಖ ಸ್ವಲ್ಪ ಬಾಡಿರುತ್ತಿತ್ತು.

ಅದೇ ತಿಂಗಳು ಅಮ್ಮನ ಸರದಿ ಬಂತು.

ಅಮ್ಮ, ಲಿಫ್ಟಣ್ಣ, ಅವನ ಹೆಂಡತಿ ಮೂವರೂ ಇದ್ದದ್ದು ಗಿರಣಿಯ ಸಾಲುಮನೆಯೊಂದರಲ್ಲಿ. ಒಂದು ಕೋಣೆ, ಅದರ ಹಿಂದೆ ಅಡುಗೆಗೆ ಒಂದು ಮೂಲೆ. ಅಪ್ಪ ಗಿರಣಿಯಲ್ಲಿದ್ದಾಗ ಅಪ್ಪನ ಹೆಸರಿಗಿತ್ತು. ಅಪ್ಪ ಹೋದ ಮೇಲೆ ಗಿರಣಿಯ ಪುಸ್ತಕದಲ್ಲಿ ‘ಮೃತನ ಹೆಂಡತಿ’ ಎಂದಾಯಿತು. ನಲವತ್ತೊಂದು ವರ್ಷ ಆ ನೆಲ ಸಾರಿಸಿ ಒರೆಸಿದವಳ ಹೆಸರು ಎಲ್ಲೂ ಇರಲಿಲ್ಲ. ಹೊಸ ಕಾನೂನು ಬಂದು, ಸಾಲುಮನೆಗಳು ಅದರಲ್ಲಿ ಬಾಳಿದವರಿಗೇ, ಹಕ್ಕುಪತ್ರ ಮನೆಯ ಹಿರಿಯ ಹೆಂಗಸಿನ ಹೆಸರಿಗೆ ಎಂದಿತು. ಒಂದೇ ಷರತ್ತು. ಹೆಂಗಸು ಖುದ್ದಾಗಿ ಬಂದು ಅಧಿಕಾರಿಯ ಕಣ್ಣೆದುರು ಸಹಿ ಹಾಕಬೇಕು. ಒಂದೊಂದು ಸಾಲಿಗೆ ಒಂದೊಂದು ದಿನ, ಸಂಜೆ ನಾಲ್ಕಕ್ಕೆ ಕಿಟಕಿ ಬಂದ್. ಕಿಟಕಿ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಭೂಮಿ ಆಕಾಶ ಒಂದು ಮಾಡಿದ ಸರ್ಕಾರಕ್ಕೆ ಒಂದು ಕಿಟಕಿಯನ್ನು ಕೆಳಗಿಳಿಸಲು ಆಗಲಿಲ್ಲ.

ಅಮ್ಮನಿಗೆ ಎರಡೂ ಮಂಡಿ ಹೋಗಿದ್ದವು. ಮೆಟ್ಟಿಲ ಹೆಸರೆತ್ತಬೇಡಿ ಎಂದು ಡಾಕ್ಟರು ಬೈದು ಕಳಿಸಿದ್ದರು.

“ಮೆಟ್ಟಿಲ ಮಾತೇ ಇಲ್ಲಮ್ಮಾ,” ಎಂದ ಲಿಫ್ಟಣ್ಣ. “ನಮ್ಮ ಲಿಫ್ಟಲ್ಲಿ ಕೂರಿಸ್ಕೊಂಡ್ ಹೋಗ್ತೀನಿ. ನನ್ನ ಸ್ಟೂಲಿನ ಮೇಲೇ ಕೂತ್ಕೋ.”

ಇಪ್ಪತ್ತೆರಡು ವರ್ಷದಲ್ಲಿ ಅಮ್ಮ ಆ ಲಿಫ್ಟನ್ನು ನೋಡಿರಲಿಲ್ಲ. ಕೇಳಿ ಕೇಳಿ ಅದರ ಒಂದೊಂದು ಮೊಳೆಯೂ ಬಾಯಿಪಾಠವಾಗಿತ್ತು. ಆ ಬೆಳಗ್ಗೆ ತಲೆ ಬಾಚಿಕೊಳ್ಳುತ್ತಾ ಎರಡು ಸಲ ಕೇಳಿದಳು, “ಕನ್ನಡಿ ಇದೆಯಲ್ವಾ ಒಳಗೆ?”

“ಇದೆ.”

“ಹಂಗಾದ್ರೆ ಬೈತಲೆ ಅಲ್ಲೇ ಸರಿ ಮಾಡ್ಕೋತೀನಿ ಬಿಡು.” ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. “ನಗ್ಬೇಡ್ವೇ,” ಎಂದಳು ಅಮ್ಮ. “ನನ್ನ ಹೆಸರಿಗೆ ಮನೆ ಬರ್ತಿದೆ. ನಾಳೆಯಿಂದ ನೀನು ನನ್ನ ಬಾಡಿಗೆದಾರಳು.”

ಅಷ್ಟು ನಗು ಆ ಕೋಣೆಯಲ್ಲಿ ಬಹಳ ದಿನದ ಮೇಲೆ ಕೇಳಿಸಿತು.

ಸೊಸೆ ಬಸ್ಸಿನಲ್ಲಿ ಕರೆತಂದು ಕಚೇರಿಯ ಬಾಗಿಲಲ್ಲಿ ಬಿಟ್ಟು ತನ್ನ ಕೆಲಸಕ್ಕೆ ಹೋದಳು. ಕೆಳಗಿನ ಟೋಕನ್ನಿನ ಸಾಲಿನಲ್ಲಿ ಅಮ್ಮ ಮಧ್ಯಾಹ್ನ ಒಂದು ಗಂಟೆಯಿಂದ ನಿಂತಿದ್ದಳು. ಲಿಫ್ಟಣ್ಣನಿಗೆ ಲಿಫ್ಟಿನಿಂದಲೇ ಅವಳ ತಲೆ ಕಾಣುತ್ತಿತ್ತು, ಪ್ರತಿ ಸಲ ಕೆಳಗಿಳಿದಾಗ ಒಂದು ಮೊಳ ಮುಂದೆ ಬಂದಿರುತ್ತಿತ್ತು. ಟೋಕನ್ ಕೈಗೆ ಬಂದಾಗ ಮೂರೂ ಮೂವತ್ತು. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗೋಡೆ ಹಿಡಿದು ಲಿಫ್ಟಿನ ಹತ್ತಿರ ಬಂದಳು. ಲಿಫ್ಟಣ್ಣ ಬಾಗಿಲು ಪೂರ್ತಿ ಎಳೆದು, ಸ್ಟೂಲನ್ನು ಒರೆಸಿ, ಫ್ಯಾನು ಹಾಕಿ ನಿಂತಿದ್ದ.

“ಬಾಮ್ಮಾ.”

ಅಮ್ಮ ಚಪ್ಪಲಿ ಬಿಟ್ಟಳು.

“ಅದ್ಯಾಕೆ? ಹಾಕ್ಕೋ,” ಎಂದ. ಅವಳು ಬಗ್ಗಿ ಹಾಕಿಕೊಳ್ಳುವಷ್ಟರಲ್ಲಿ ಹಿಂದಿನ ಹಜಾರದಿಂದ ಬೂಟಿನ ಸದ್ದು ಬಂತು. ಸಾಹೇಬರ ಬೂಟು. ಎಡಗಾಲು ಸ್ವಲ್ಪ ಎಳೆದು ಹಾಕುವ ಆ ಸದ್ದನ್ನು ಲಿಫ್ಟಣ್ಣ ನಿದ್ದೆಗಣ್ಣಿನಲ್ಲೂ ಗುರುತಿಸುತ್ತಿದ್ದ. ಅಮ್ಮ ಒಂದು ಕಾಲು ಒಳಗೆ ಇಡಲು ಎತ್ತಿದ್ದಳು.

ಅವನ ಎಡಗೈ ಮೇಲೆದ್ದು ಬಾಗಿಲಿಗೆ ಅಡ್ಡವಾಯಿತು.

ಅವನು ಎತ್ತಲಿಲ್ಲ, ಅದು ಎದ್ದಿತು. ಇಪ್ಪತ್ತೆರಡು ವರ್ಷ ಆ ಸದ್ದಿಗೆ ಆ ಕೈ ಎದ್ದಿತ್ತು, ಬಿಸಿ ತಾಗಿದರೆ ಬೆರಳು ಹಿಂದಕ್ಕೆ ಬರುವ ಹಾಗೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಹುಟ್ಟಿನಿಂದ ಬಂದದ್ದನ್ನು ಬಿಡಿ, ಸಂಬಳಕ್ಕೆ ಕಲಿತದ್ದೂ ಸುಟ್ಟರೂ ಹೋಗುವುದಿಲ್ಲ. ಕತ್ತು ಹೊರಳಿದಾಗ ಕನ್ನಡಿಯಲ್ಲಿ ತನ್ನ ಖಾಕಿ ಹೆಗಲು, ಚಾಚಿದ ಕೈ, ಕೈಯ ಆಚೆ ಅಮ್ಮನ ಬಾಚಿದ ತಲೆ ಅವನಿಗೆ ಕಾಣಿಸಿದವು.

ಸಾಹೇಬರು ಬಂದು ನಿಂತರು. ಹೊಸ ಸುತ್ತೋಲೆಯ ನೆನಪು ಅವರಿಗಿತ್ತು.

“ಯಾರ್ರೀ ಇವರು? ಹತ್ತಲಿ ಬಿಡಿ, ಜಾಗ ಇದೆಯಲ್ಲ.”

ಅಷ್ಟು ಸಾಕಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಲಿಫ್ಟಣ್ಣನ ಬಾಯಿ ಕೈಗಿಂತ ನಿಧಾನ, ಆದರೆ ಅದೂ ಅದೇ ದಾರಿ ಹಿಡಿಯಿತು.

“ಇಲ್ಲ ಸಾರ್. ಅವರು ಮೆಟ್ಟಿಲಲ್ಲಿ ಬರ್ತಾರೆ.”

“ಹೌದು ಸ್ವಾಮಿ,” ಎಂದಳು ಅಮ್ಮ ತಡಮಾಡದೆ. ಎತ್ತಿದ ಕಾಲನ್ನು ಹಿಂದಕ್ಕಿಟ್ಟು ಪಕ್ಕಕ್ಕೆ ಸರಿದಳು. “ನಂಗೆ ಮೆಟ್ಟಿಲೇ ಸಲೀಸು. ನೀವು ನಡೀರಿ.”

ಜಾಲರಿ ಮುಚ್ಚಿತು. ಮೇಲಕ್ಕೆ ಹೊರಟಾಗ ಸಾಹೇಬರು ಕನ್ನಡಿಯಲ್ಲಿ ಕಾಲರ್ ಸರಿ ಮಾಡಿಕೊಳ್ಳುತ್ತಾ ಕೇಳಿದರು, “ನಿಮ್ಮವರಾ?”

“ಅಲ್ಲ ಸಾರ್.”

ಅದನ್ನು ಹೇಳಿದಾಗಲೂ ಅವನಿಗೆ ಏನೂ ಆಗಲಿಲ್ಲ. ಆಗಬೇಕಿತ್ತು. ಎದೆ ಧಸಕ್ಕೆನ್ನಬೇಕಿತ್ತು, ಕಣ್ಣು ಮಂಜಾಗಬೇಕಿತ್ತು. ಬಹಳ ಹೊತ್ತು ಕೈ ಮೇಲೆ ತಲೆಯಿಟ್ಟು ಮಲಗಿದರೆ ಆ ಕೈ ಬೇರೆಯವರದು ಎನಿಸುತ್ತದಲ್ಲ, ಮೈಯೆಲ್ಲ ಹಾಗಿತ್ತು. ನಾಲ್ಕನೇ ಮಹಡಿ ಬಂತು. ನೆಲಕ್ಕೆ ನೆಲ ಸರಿಯಾಗಿ ಕೂಡಿತು.

ಕೆಳಗಿನಿಂದ ಗಂಟೆ ಹೊಡೆದರು. ಇಳಿಯುವಾಗ ಅಮ್ಮ ಕಂಡಳು. ಒಂದನೇ ಮಹಡಿ ಇನ್ನೂ ಮುಟ್ಟಿರಲಿಲ್ಲ. ಎರಡೂ ಕೈಯಿಂದ ಕಂಬಿ ಹಿಡಿದು, ಒಂದು ಕಾಲಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ನಿಂತು, ಮತ್ತೆ ಒಂದು ಕಾಲಿಡುತ್ತಿದ್ದಳು. ಜಾಲರಿಯ ಆಚೆ ಮೂರು ಅಡಿ ದೂರದಲ್ಲಿ ಅವಳು, ಈಚೆ ಅವನು. ಅವಳು ತಲೆ ಎತ್ತಿ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಎಂದು ಅವನಿಗೆ ಗೊತ್ತಾಯಿತು.

ಕೆಳಗೆ ಇಬ್ಬರು ಅಧಿಕಾರಿಗಳು ಹತ್ತಿದರು. ಯಾರದೋ ವರ್ಗಾವಣೆಯ ಮಾತಾಡುತ್ತಿದ್ದರು. ಮೇಲೆ ಹೋಗುವಾಗ ಅಮ್ಮ ಒಂದನೇ ಮಹಡಿ ದಾಟಿದ್ದಳು. ಅಧಿಕಾರಿಗಳಲ್ಲಿ ಒಬ್ಬರು, “ಪಾಪ, ಆ ಮುದುಕಿ ನೋಡ್ರೀ. ಲಿಫ್ಟಿದ್ರೂ ಹತ್ತಲ್ಲ ಈ ಜನ,” ಎಂದರು. “ಏನು ಮಾಡಿದ್ರೂ ಅಷ್ಟೇ,” ಎಂದರು ಇನ್ನೊಬ್ಬರು. ಲಿಫ್ಟಣ್ಣ ಗೋಡೆ ನೋಡುತ್ತಾ ನಿಂತ. ಲಿಫ್ಟಿನವನಿಗೆ ಕಿವಿ ಇರಬಾರದು, ಮೊದಲ ದಿನವೇ ಕಲಿಸಿದ ಪಾಠ.

ಮತ್ತೆ ಗಂಟೆ. ಮತ್ತೆ ಇಳಿತ. ಮೂರೂ ನಲವತ್ತೆಂಟು. ಈಗ ಅಮ್ಮ ಎರಡನೇ ಮಹಡಿಯಿಂದ ಆರು ಮೆಟ್ಟಿಲು ಮೇಲೆ ಕೂತುಬಿಟ್ಟಿದ್ದಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಲಿಫ್ಟು ಖಾಲಿ. ಅವನು ಎರಡನೇ ಮಹಡಿಯಲ್ಲಿ ನಿಲ್ಲಿಸಿದ. ಮೊದಲ ಬಾರಿಗೆ ನೆಲ ಕೂಡಲಿಲ್ಲ, ಗೇಣಷ್ಟು ಕೆಳಗೆ ನಿಂತಿತು. ಬಾಗಿಲು ಎಳೆದು ಹೊರಗೆ ಬಂದ.

“ಅಮ್ಮಾ, ಬಾ. ಯಾರೂ ಇಲ್ಲ.”

“ಬೇಡ ಕಂದಾ.”

“ಬಾಮ್ಮಾ, ಹನ್ನೆರಡೇ ನಿಮಿಷ ಇರೋದು. ರೂಲ್ಸೇ ಇದೆ, ಯಾರು ಬೇಕಾದ್ರೂ ಹತ್ತಬಹುದು.”

“ರೂಲ್ಸು ಇರುತ್ತೆ.” ಅವಳ ಉಸಿರು ಇನ್ನೂ ಕೂಡಿರಲಿಲ್ಲ. “ಕಾರಣ ಇಲ್ದೆ ನೀನು ಕೈ ಅಡ್ಡ ಹಿಡೀತಿರ್ಲಿಲ್ಲ. ನಂಗೆ ಗೊತ್ತಿಲ್ವಾ ನಿನ್ನ? ಆ ಮಹಾರಾಯ್ರು ಮತ್ತೆ ಬಂದ್ರೆ, ಆಗ ಮೆಟ್ಟಿಲು ಅಂದೋಳು ಈಗ ಒಳಗೆ ಕೂತಿದಾಳೆ ಅಂತಾರೆ. ನಿನ್ನ ಮಾತು ಸುಳ್ಳಾಗುತ್ತೆ.”

“ಏನೂ ಅನ್ನಲ್ಲಮ್ಮಾ.”

“ಅರ್ಧ ಹತ್ತಾಯ್ತು. ಇಷ್ಟು ಹತ್ತಿದೋಳಿಗೆ ಇನ್ನಷ್ಟು ದೊಡ್ಡದಾ? ನೀನು ಹೋಗು, ಗಂಟೆ ಹೊಡೀತಿದಾರೆ.”

ಗಂಟೆ ನಿಜಕ್ಕೂ ಹೊಡೆಯುತ್ತಿತ್ತು. ಅವನು ಎತ್ತಿಕೊಂಡು ಹೋಗಬಹುದಿತ್ತು, ಆರು ಮೆಟ್ಟಿಲು ತಾನೇ. ಎತ್ತಿದ್ದರೆ ಅವಳು ಬೇಡವೆನ್ನುತ್ತಿದ್ದಳೇ ಹೊರತು ಒದೆಯುತ್ತಿರಲಿಲ್ಲ. ಅವನು ಒಂದು ಮೆಟ್ಟಿಲು ಹತ್ತಿದ ಕೂಡ. ಗಂಟೆ ಇನ್ನೊಮ್ಮೆ ಹೊಡೆಯಿತು. ಅವನು ಲಿಫ್ಟಿಗೆ ಹೋದ.

ಅವಳು ನಾಲ್ಕನೇ ಮಹಡಿ ಮುಟ್ಟಿದಾಗ ನಾಲ್ಕು ಗಂಟೆ ಆರು ನಿಮಿಷ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಿಟಕಿಯ ಗುಮಾಸ್ತ ಮೊಹರನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದ್ದ. ಒಳ್ಳೆಯವನೇ, ಅಮ್ಮನಿಗೆ ಕುರ್ಚಿ ಕೊಟ್ಟು ನೀರು ಕೊಟ್ಟಿದ್ದ. ಲಿಫ್ಟಣ್ಣ ಬಂದು ಕೇಳಿಕೊಂಡಾಗ ಅಧಿಕಾರಿ ಹೊರಟಾಯಿತೆಂದ, ಅವರ ಕಣ್ಣೆದುರಲ್ಲದೆ ಸಹಿ ನಡೆಯದೆಂದ, ನಾಳೆ ಬೇರೆ ಸಾಲಿನದೆಂದ. ಎರಡನೇ ಪಟ್ಟಿ ಅಂತ ಮಾಡಿದರೆ ಅದರಲ್ಲಿ ನೋಡೋಣ ಎಂದ. ಆಮೇಲೆ ಅರ್ಥವಾಗದವನಂತೆ ಲಿಫ್ಟಣ್ಣನ ಮುಖ ನೋಡಿದ.

“ನಿಮ್ಮ ತಾಯಿಯವರಾ? ಮತ್ತೆ ಲಿಫ್ಟು ನಿಮ್ಮ ಕೈಲೇ ಇತ್ತಲ್ಲಣ್ಣಾ?”

ಲಿಫ್ಟಣ್ಣ ತನ್ನ ಕೈ ನೋಡಿಕೊಂಡ.

“ನಂಗೇ ಬೇಡ ಅನ್ನಿಸ್ತಪ್ಪಾ,” ಎಂದಳು ಅಮ್ಮ ಕುರ್ಚಿಯಿಂದ. “ಪೆಟ್ಟಿಗೆಯೊಳಗೆ ಹೋಗೋಕೆ ಭಯ.”

ಇಳಿಯುವಾಗ ಅವನು ಕರೆಯಲಿಲ್ಲ, ಅವಳು ಕೇಳಲಿಲ್ಲ. ಅವಳು ಮೆಟ್ಟಿಲಲ್ಲೇ ಇಳಿದು ಕೆಳಗಿನ ಬೆಂಚಿನ ಮೇಲೆ ಕೂತು ಅವನ ಡ್ಯೂಟಿ ಮುಗಿಯಲೆಂದು ಕಾದಳು.

ಐದಕ್ಕೆ ಸ್ವಲ್ಪ ಮೊದಲು ವರದಿ ಮೇಡಂ ಬಂದಳು. ರಿಜಿಸ್ಟರಿನ ಕೊನೆಯ ದಿನ ಅದು. ಬೆರಳು ಇಟ್ಟು ಪುಟ ಇಳಿದವಳು ಮೂರೂ ಮೂವತ್ತೈದರ ಹತ್ತಿರ ನಿಂತಳು. ‘ವೃದ್ಧ ಮಹಿಳೆ, ಒಬ್ಬರು. ಹತ್ತಲಿಲ್ಲ’ ಎಂದಿತ್ತು. ಕಾರಣ ಖಾಲಿ ಇತ್ತು. ತಿಂಗಳಿಡೀ ಖಾಲಿ ಬಿಟ್ಟದ್ದು ಅದೊಂದೇ.

“ನಾನೂ ನೋಡಿದೆ ಅವರನ್ನ, ಮೂರನೇ ಮಹಡೀಲಿ,” ಎಂದಳು. “ಕೈ ಹಿಡ್ಕೊಳ್ಳೋಕೆ ಹೋದ್ರೆ ಬೇಡ ಅಂದ್ರು. ನಿಜ ಹೇಳಿ, ನೀವು ಕರೆದ್ರಾ?”

“ಕರೆದೆ.”

“ಏನಂದ್ರು?”

ಹೇಳಬೇಕಾದದ್ದು ಬಹಳ ಇತ್ತು. ಹೇಳಲು ಒಳ್ಳೆಯ ಕಿವಿಯೂ ಎದುರಿಗಿತ್ತು. ಹತ್ತು ಹೆಜ್ಜೆ ಆಚೆ ಬೆಂಚಿನ ಮೇಲೆ ಅಮ್ಮ ಮಂಡಿ ನೀವಿಕೊಳ್ಳುತ್ತಿದ್ದಳು. ಅವಳು ಇವನತ್ತ ನೋಡಿ, ಯಾರೂ ಅಲ್ಲದವಳಂತೆ ಬೇರೆ ಕಡೆ ತಿರುಗಿದಳು.

“ಬೇಡ ಅಂದ್ರು,” ಎಂದ ಲಿಫ್ಟಣ್ಣ. ಅದು ಸುಳ್ಳಲ್ಲ. ಪೆನ್ನು ತೆಗೆದುಕೊಂಡು ಖಾಲಿ ಕಾಲಮ್ಮಿನಲ್ಲಿ ‘ಸದರಿ’ ಎಂದು ಬರೆದ. ಅಕ್ಷರ ದುಂಡಗೆ ಬಂತು.

ಮುಂದೆ ಆದದ್ದನ್ನು ಇಲ್ಲೇ ಹೇಳಿ ಮುಗಿಸಬಹುದು. ವರದಿ ಹೋಯಿತು. ನಾನೂರ ಹನ್ನೆರಡು ಜನರಲ್ಲಿ ಹತ್ತಿದವರು ಒಂಬತ್ತು, ಉಳಿದವರಿಗೆ ಇಷ್ಟವಿಲ್ಲ, ಸಮಾಜದ ಮನಸ್ಸು ಇನ್ನೂ ಸಿದ್ಧವಾಗಿಲ್ಲ, ಆದ್ದರಿಂದ ಸುಧಾರಣೆಗಳನ್ನು ನಿಧಾನವಾಗಿ ತರುವುದು ಒಳಿತು ಎಂದು ಅದರಲ್ಲಿ ಇತ್ತಂತೆ. ಆ ಹುಡುಗಿ ಅಳುತ್ತಾ ಬರೆದಳೋ ಏನೋ, ಕಾಗದದಲ್ಲಿ ಅದು ಕಾಣುವುದಿಲ್ಲ. ಎರಡನೇ ಪಟ್ಟಿಯನ್ನು ಸದ್ಯಕ್ಕೆ ಕೈಬಿಟ್ಟರು. ಲಿಫ್ಟಿನ ಹಳೇ ಹಲಗೆ ಎಲ್ಲಿ ಎಂದು ಕಚೇರಿಯೆಲ್ಲ ಹುಡುಕುವಾಗ ಲಿಫ್ಟಣ್ಣ ಸ್ಟೂಲಿನ ಹಿಂದಿನಿಂದ ತೆಗೆದುಕೊಟ್ಟ. ಜೋಪಾನವಾಗಿ ಇಟ್ಟಿದ್ದಕ್ಕೆ ಸಾಹೇಬರು ಮೆಚ್ಚಿ, “ಭೇಷ್ ಕಣಯ್ಯಾ,” ಎಂದರು. ಸ್ಕ್ರೂಗಳು ಹಳೇ ತೂತುಗಳಿಗೇ ಕೂತವು.

ಆದರೆ ಅದೆಲ್ಲ ಆಮೇಲೆ. ಆ ಸಂಜೆ ಬಸ್ಸಿನಲ್ಲಿ ತಾಯಿ ಮಗನಿಗೆ ಒಂದೇ ಸೀಟು ಸಿಕ್ಕಿತು. ಅಮ್ಮ ಕೂತಳು, ಅವನು ಎಡಗೈಯಿಂದ ಮೇಲಿನ ಕಂಬಿ ಹಿಡಿದು ಅವಳ ಪಕ್ಕ ನಿಂತ. ಅಮ್ಮ ಸೆರಗಿನ ಗಂಟು ಬಿಚ್ಚಿ ಟೋಕನ್ ತೆಗೆದು ನೋಡಿದಳು, ಮತ್ತೆ ಗಂಟು ಹಾಕಿದಳು.

“ಆ ಕನ್ನಡಿ,” ಎಂದಳು, ಕಿಟಕಿಯ ಹೊರಗೆ ನೋಡುತ್ತಲೇ. “ಇಡೀ ಆಳು ಕಾಣುತ್ತಾ ಅದ್ರಲ್ಲಿ?”

ಅವನು ಅವಳ ಬಾಚಿದ ತಲೆ ನೋಡಿದ.

“ಇಲ್ಲಮ್ಮಾ. ಸೊಂಟದ ತನಕ ಅಷ್ಟೆ.”

“ಅಷ್ಟೇನಾ,” ಎಂದಳು ಅಮ್ಮ. ಅವನು ಬೇಸರಪಟ್ಟುಕೊಳ್ಳದಿರಲಿ ಎಂದು, “ನಾನೂ ಭಾರಿ ದೊಡ್ಡದು ಅಂದ್ಕೊಂಡಿದ್ದೆ. ಬಿಡು, ನೋಡ್ದೇ ಇದ್ದಿದ್ದೇ ಒಳ್ಳೇದಾಯ್ತು,” ಎಂದು ಅವನ ಅಂಗಿಯ ತೋಳಿಗೆ ಅಂಟಿದ್ದ ಧೂಳನ್ನು ಕೊಡವಿದಳು. ಎಡಗೈಯ ತೋಳು. ಅವನಿಗೆ ಅವಳ ಬೆರಳು ಕಂಡಿತು, ಮುಟ್ಟಿದ್ದು ತಿಳಿಯಲಿಲ್ಲ.